ಕಚ್ಚಾ ಮಾಸ್ಟ್ರು ಕಾರಿಗೆ ಟಾಪು ಹೊಲಿದದ್ದು

ನನ್ನ ತಮ್ಮನನ್ನು ನಮ್ಮ ಬೀದಿಯವರೆಲ್ಲ ಕಚ್ಚಾ ಮಾಸ್ಟ್ರು ಎಂದೇ ಕರೆಯುವುದು. ಕೆಲಸ ಬಾರದವನು ಎಂದಲ್ಲ. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಅವನಂಥ ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಒಡಹುಟ್ಟಿದವನೆಂದು ಹೊಗಳುತ್ತಿಲ್ಲ, ಅವನ ಮೇಲೆ ಮೈಯೆಲ್ಲ ಉರಿಯುವಾಗಲೂ ನಾನು ಇದನ್ನೇ ಹೇಳುತ್ತೇನೆ, ಮತ್ತು ನನಗೆ ಮೈ ಉರಿಯುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಆ ಹೆಸರು ಬಂದದ್ದು ಅವನ ಒಂದು ಚಾಳಿಯಿಂದ. ಯಾವ ಬಟ್ಟೆಯನ್ನೂ ಅವನು ನೇರವಾಗಿ ಮಿಷನ್ನಿಗೆ ಕೊಡುವವನಲ್ಲ. ಮೊದಲು ಕೈಸೂಜಿಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಾನೆ, ತೊಡಿಸಿ ನೋಡುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹಾಕುತ್ತಾನೆ. ಮಿಷನ್ನಿನ ಹೊಲಿಗೆ ಬಿದ್ದ ಮೇಲೆ ಆ ಬಿಳಿ ದಾರದ ತುದಿ ಹಿಡಿದು ಸರ್ರನೆ ಎಳೆದರೆ ಮುಗಿಯಿತು, ಬಟ್ಟೆಯ ಮೇಲೆ ಗುರುತೂ ಉಳಿಯುವುದಿಲ್ಲ. ದಿಂಬಿನ ಗವಸಿಗೂ ಕಚ್ಚಾ ಹಾಕುವ ಮನುಷ್ಯ. ಮದುವೆಗೊಂದು ಕಚ್ಚಾ ಹಾಕಿ ನೋಡಲಿಲ್ಲವಲ್ಲ ಮಾರಾಯ ಎಂದು ಪಕ್ಕದ ಅಂಗಡಿಯಲ್ಲಿ ಬ್ಯಾಗು ಹೊಲಿಯುವವನು ಗೇಲಿ ಮಾಡುತ್ತಿದ್ದ. ತಮ್ಮ ಅದಕ್ಕೂ ಸುಮ್ಮನೆ ತಲೆ ಆಡಿಸುತ್ತಿದ್ದ.

ಮಾತಾಡುವುದು ಅವನಿಗೆ ಬರುವುದಿಲ್ಲ. ಚಿಕ್ಕವನಿದ್ದಾಗಿನಿಂದ ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡು ಕೆಲಸ ಕಲಿತವನು, ಪಿನ್ನು ಇಲ್ಲದಾಗಲೂ ಬಾಯಿ ತೆರೆಯುವುದನ್ನು ಮರೆತುಬಿಟ್ಟ. ಎದುರಿಗೆ ಕೂತು ಮುಖ ನೋಡಿ ಏನಾದರೂ ಕೇಳಿದರೆ ಅವನ ಕಣ್ಣು ನಮ್ಮ ಕಾಲರಿನ ಮೇಲೋ ತೋಳಿನ ಮೇಲೋ ಹರಿದಾಡುತ್ತದೆ, ಉತ್ತರ ಬರುವುದಿಲ್ಲ. ಅವನ ಹೆಂಡತಿ ಅವನನ್ನು ಬಿಟ್ಟು ಹೋಗಿದ್ದು ಇದಕ್ಕೇ. ಹೊಡೆದಾಟವಿಲ್ಲ, ಕೂಗಾಟವಿಲ್ಲ. "ಗೋಡೆ ಜೊತೆ ಎಷ್ಟು ವರ್ಷ ಸಂಸಾರ ಮಾಡ್ಲಿ ಅಕ್ಕಾ" ಎಂದು ನನ್ನ ಹತ್ತಿರ ಹೇಳಿ, ಮಗಳನ್ನು ಕರೆದುಕೊಂಡು ಹೋದಳು. ಆಮೇಲೆ ಬೇರೆ ಮದುವೆಯೂ ಆದಳು. ನಾನು ಅವಳನ್ನು ಬಾಯಿಗೆ ಬಂದಂತೆ ಬೈದವಳೇ. ಆದರೆ ಅವಳು ಹೇಳಿದ್ದು ಸುಳ್ಳು ಎನ್ನಲಾರೆ, ನನ್ನ ಗಂಡ ತೀರಿಹೋದ ಮೇಲೆ ನಾನೂ ಬಂದು ಸೇರಿಕೊಂಡದ್ದು ಅದೇ ಗೋಡೆಯ ಜೊತೆಗೇ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಅವನು ಕತ್ತರಿಸಿ ಹೊಲಿಯುತ್ತಾನೆ, ನಾನು ಕಾಜಾ ಮಾಡಿ ಗುಂಡಿ ಹಚ್ಚುತ್ತೇನೆ, ಇಬ್ಬರ ಮಾತನ್ನೂ ನಾನೊಬ್ಬಳೇ ಆಡುತ್ತೇನೆ.

ಮಗಳು ಅಪ್ಪನನ್ನೇ ಹೋಲುತ್ತಾಳೆ. ಎದುರಿಗೆ ಕೂರಿಸಿ ಶಾಲೆ ಹೇಗಿದೆ ಎಂದರೆ "ಚೆನ್ನಾಗಿದೆ", ಊಟ ಆಯ್ತಾ ಎಂದರೆ "ಹೂಂ". ಆದರೂ ಅವಳಿಗೆ ನನ್ನ ತಮ್ಮ ಇಟ್ಟ ಹೆಸರು ರೀಲು. ದಾರದ ರೀಲಿನ ತುದಿ ಸಿಕ್ಕಿಬಿಟ್ಟರೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತದಲ್ಲ, ಹಾಗೆ. ಆ ತುದಿ ಸಿಗುತ್ತಿದ್ದದ್ದು ಒಂದೇ ಒಂದು ಜಾಗದಲ್ಲಿ, ಅವನ ಕಾರಿನಲ್ಲಿ.

ಕಾರಿನ ಬಗ್ಗೆ ಹೇಳಬೇಕು. ಮದುವೆಗೆ ಮುಂಚೆ ಯಾವುದೋ ಶೆಡ್ಡಿನಲ್ಲಿ ಕೊಳೆಯುತ್ತಿದ್ದದ್ದನ್ನು ಎಳೆದು ತಂದಿದ್ದ. ಅದಕ್ಕೆ ತಗಡಿನ ಚಾವಣಿ ಇಲ್ಲ, ಬಟ್ಟೆಯ ಟಾಪು. ಕೊಂಡಿ ಬಿಚ್ಚಿ ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ಹಿಂದಿನ ಕಿಟಕಿಯೂ ಗಾಜಿನದಲ್ಲ, ಟಾಪಿನ ಜೊತೆಗೇ ಮಡಚಿಕೊಳ್ಳುವ ಪ್ಲಾಸ್ಟಿಕ್ ಹಾಳೆ. ವಾರ ಬಿಟ್ಟು ವಾರ ಭಾನುವಾರ ಅವನು ಮಗಳನ್ನು ಕರೆದುಕೊಂಡು ಬರುವುದು, ಸಂಜೆ ಅವಳಿಗೆ ಗಾಳಿ ತಾಗದಿರಲೆಂದು ಟಾಪು ಏರಿಸಿಕೊಂಡು ಬಿಟ್ಟು ಬರುವುದು ಅದರಲ್ಲೇ. ಇಬ್ಬರೂ ಪಕ್ಕ ಪಕ್ಕ ಕೂತು ಮುಂದಿನ ರಸ್ತೆ ನೋಡುತ್ತಿದ್ದರಲ್ಲ, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಅಲ್ಲಿ ಇಬ್ಬರಿಗೂ ಬಾಯಿ ಬರುತ್ತಿತ್ತು. ಮನೆಗೆ ಬಂದು ಇಳಿದರೆ ಮತ್ತೆ ಮೂಕರು. ಒಮ್ಮೆ ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡಿದ್ದೆ. ಅವಳು ಯಾವ ಟೀಚರ್ ಹೇಗೆ ಸೀನುತ್ತಾರೆ ಎಂದು ಮಾಡಿ ತೋರಿಸುತ್ತಿದ್ದಳು, ನನ್ನ ತಮ್ಮ ನಗುತ್ತಿದ್ದ. ಅವನು ನಕ್ಕರೆ ಹೇಗಿರುತ್ತದೆಂದು ನನಗೇ ಮರೆತುಹೋಗಿತ್ತು.

ಒಂದೇ ಕೊರಗು ಅವನಿಗೆ. ಸಂಜೆ ಅವಳನ್ನು ಗೇಟಿನ ಹತ್ತಿರ ಇಳಿಸಿದರೆ ಅವಳು ತಿರುಗಿಯೂ ನೋಡದೆ ಒಳಗೆ ಓಡುತ್ತಾಳಂತೆ. "ಇಳಿದ ತಕ್ಷಣ ನನ್ನ ಮರ್ತೇ ಬಿಡ್ತಾಳೆ" ಎಂದು ಎಂದೋ ಒಮ್ಮೆ ಬಟ್ಟೆ ಕತ್ತರಿಸುತ್ತಾ ಅಂದಿದ್ದ. ಮಕ್ಕಳು ಹಾಗೇ ಕಣೋ ಎಂದು ನಾನು ಬಾಯಿ ಮುಚ್ಚಿಸಿದ್ದೆ.

ಟಾಪು ಹಳೆಯದಾಗುತ್ತಾ ಬಂದಿತ್ತು. ಮಡಿಕೆ ಬೀಳುವ ಕಡೆಯೆಲ್ಲ ಸೀಳು, ಅದಕ್ಕೆ ತೇಪೆ, ತೇಪೆಯ ಮೇಲೆ ತೇಪೆ. ಹಿಂದಿನ ಪ್ಲಾಸ್ಟಿಕ್ಕಂತೂ ಹಳದಿಗಟ್ಟಿ, ಗೀರು ಬಿದ್ದು, ಅದರಾಚೆ ಹಗಲೋ ರಾತ್ರಿಯೋ ಎನ್ನುವುದಷ್ಟೇ ಗೊತ್ತಾಗುತ್ತಿತ್ತು. ಹೊಸದು ಹಾಕಿಸೋ ಎಂದು ನಾನು ಗೋಗರೆದರೆ ಮುಂದಿನ ತಿಂಗಳು, ಮುಂದಿನ ತಿಂಗಳು. ಹೀಗಿರುವಾಗ ಒಂದು ಭಾನುವಾರ ವಾಪಸ್ಸು ಬಿಡುವಾಗ ದಾರಿಯಲ್ಲಿ ಮಳೆ ಹಿಡಿಯಿತು. ತೇಪೆ ಕಿತ್ತುಬಂತು. ಮನೆ ಮುಟ್ಟುವಷ್ಟರಲ್ಲಿ ರೀಲು ತೊಪ್ಪೆಯಾಗಿ ನಡುಗುತ್ತಿದ್ದಳು. ಅವಳ ಎದೆ ಮೊದಲೇ ಸೂಕ್ಷ್ಮ, ಹುಟ್ಟಿದಾಗಿನಿಂದ ಗೊರಗೊರ. ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಮಲಗಿದ್ದಳು. ನನ್ನ ತಮ್ಮ ಆ ವರಾಂಡದ ಬೆಂಚಿನ ಮೇಲೆ ಹೇಗೆ ಕೂತಿದ್ದನೆಂದು ನಾನು ನೋಡಿದ್ದೇನೆ, ಶತ್ರುವಿಗೂ ಬೇಡ.

ಹುಷಾರಾದ ಮೇಲೆ ಅವಳ ಅಮ್ಮ ಖಡಾಖಂಡಿತವಾಗಿ ಹೇಳಿದಳು. "ಆ ಕಾರಲ್ಲಿ ಇನ್ನು ನನ್ನ ಮಗಳು ಕೂರಲ್ಲ. ಟಾಪು ಹೊಸದು ಹಾಕಿಸಿ, ಹಿಂದೆ ಕಣ್ಣಿಗೆ ಕಾಣೋ ಹಾಗೆ ಮಾಡಿ. ಒಂದು ಹನಿ ಒಳಗೆ ಬರಲ್ಲ ಅಂತ ನಾನೇ ನೋಡ್ಬೇಕು. ಅಲ್ಲಿ ತನಕ ಇಲ್ಲೇ ಬಂದು ಮಾತಾಡ್ಸಿ ಹೋಗಿ." ತಪ್ಪೇನಿದೆ ಇದರಲ್ಲಿ? ನಾನಾಗಿದ್ದರೆ ಕಾರಿಗೇ ಬೆಂಕಿ ಹಚ್ಚುತ್ತಿದ್ದೆ. ಅವನು ಹೋಗಿ ಅವರ ಹಾಲಿನಲ್ಲಿ ಸೋಫಾದ ತುದಿಯಲ್ಲಿ ಕೂತ. ಅವಳ ಈಗಿನ ಗಂಡ ಒಳ್ಳೆಯ ಮನುಷ್ಯ, ಇವರಿಗೆ ತೊಂದರೆಯಾಗದಿರಲೆಂದು ಟೀವಿ ಆರಿಸಿ ಹೊರಗೆ ಹೋದನಂತೆ. ಅಪ್ಪ ಮಗಳು ಎದುರು ಬದುರು. ಶಾಲೆ ಹೇಗಿದೆ. ಚೆನ್ನಾಗಿದೆ. ಅಷ್ಟೇ. ಬಂದವನು ಯಾರದೋ ಕೋಟಿನ ತೋಳನ್ನು ತಿರುವುಮುರುವು ಕತ್ತರಿಸಿಟ್ಟ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಎಷ್ಟು ಬೈದರೂ ಹೋಗಲಿಲ್ಲ.

ಆಮೇಲೆ ಒಂದು ದಿನ ರೀಲು ನನಗೆ ಫೋನು ಮಾಡಿದಳು. ಅಮ್ಮನಿಗೆ ಕೇಳಿಸಬಾರದೆಂದೋ ಏನೋ, ಪಿಸುಗುಟ್ಟುತ್ತಿದ್ದಳು.

"ಅತ್ತೆ, ನಂಗೆ ಜ್ವರ ಬಂತಲ್ಲ, ಅದಕ್ಕೆ ಅಪ್ಪಂಗೆ ಕೋಪಾನಾ?"

"ಯಾರೇ ಹೇಳಿದ್ದು ಹಂಗೆ?"

"ಯಾರೂ ಹೇಳಿಲ್ಲ. ಬರ್ತಾನೇ ಇಲ್ವಲ್ಲ. ಇನ್ಮೇಲೆ ಜ್ವರ ಬರ್ಸಿಕೊಳ್ಳಲ್ಲ ಅಂತ ಹೇಳ್ತೀರಾ?"

ಇದು ಸಾಲದೆಂಬಂತೆ ಅವಳೇ ಇನ್ನೊಂದು ಸುದ್ದಿ ಹೇಳಿದಳು. ಅಮ್ಮನ ಗಂಡನಿಗೆ ವರ್ಗವಾಗಿದೆ, ಬಲು ದೂರದ ಊರು, ತಿಂಗಳ ಕೊನೆಗೆ ಎಲ್ಲರೂ ಹೊರಡುತ್ತಾರೆ. ಫೋನಿಟ್ಟು ಎರಡನ್ನೂ ತಮ್ಮನಿಗೆ ಹೇಳಿದೆ. ಅವನ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ನಿಂತುಬಿಟ್ಟಿತು. ಆಮೇಲೆ ಎದ್ದು ಹೊರಗೆ ಹೋಗಿ ಕಾರಿನ ಸುತ್ತ ತಿರುಗುತ್ತಾ ನಿಂತ. ಊರು ಬಿಡುವ ಮೊದಲು ಮಗಳನ್ನು ಒಂದು ದಿನ ಆ ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಬೇಕು, ಕೋಪ ಇಲ್ಲ ಎಂದು ಹೇಳಬೇಕು. ಅವನಿಗೆ ಬೇಕಿದ್ದದ್ದು ಇಷ್ಟೇ. ಫೋನಿನಲ್ಲೇ ಹೇಳೋ ಎಂದು ನಂಬರ್ ಒತ್ತಿ ಕೊಟ್ಟೆ. ಅವಳು ಹಲೋ ಎಂದಳು, ಇವನು ಉಸಿರಾಡಿದ, ಅವಳೂ ಉಸಿರಾಡಿದಳು, ಕೊನೆಗೆ ನಾನೇ ಕಿತ್ತುಕೊಂಡು ಇಟ್ಟೆ.

ಕಾರಿನ ಸೀಟು, ಟಾಪು ಹೊಲಿಯುವವನೊಬ್ಬ ಗ್ಯಾರೇಜು ಸಾಲಿನಲ್ಲಿದ್ದಾನೆ. ಅವನ ಹತ್ತಿರ ಹೋದೆವು. ಈ ಕಾರಿಗೆ ರೆಡಿ ಟಾಪು ಸಿಗುವುದಿಲ್ಲ, ಅಳತೆ ತೆಗೆದು ಹೊಲಿಯಬೇಕು, ಕೈಯಲ್ಲಿರುವ ಕೆಲಸ ಮುಗಿಯಲು ಇನ್ನೂ ಎರಡು ತಿಂಗಳು ಎಂದ. ನನ್ನ ತಮ್ಮ ಅಲ್ಲಿಂದ ಕದಲಲಿಲ್ಲ. ಅವನ ಮುಖ ನೋಡಿ ಆ ಮನುಷ್ಯನಿಗೆ ಏನನ್ನಿಸಿತೋ, ರಬ್ಬರು ಮೆತ್ತಿದ ಕಪ್ಪು ಬಟ್ಟೆಯನ್ನೂ ರೋಲಿನ ಕೊನೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಕೊಟ್ಟ.

"ಇದಿಷ್ಟೇ ಉಳಿದಿರೋದು. ಇನ್ನೊಂದು ರೋಲು ಯಾವಾಗ ಬರುತ್ತೋ ಗೊತ್ತಿಲ್ಲ. ಹೊಲಿಯೋಕೆ ನಿಮಗೆ ಹೇಳ್ಕೊಡೋದೇನಿಲ್ಲ ಮಾಸ್ಟ್ರೇ, ಆದ್ರೆ ಕಿಟಕಿಗೆ ಒಂದೇ ಸಲ ಹೊಲಿಗೆ ಹಾಕ್ಬೇಕು. ತಪ್ಪಾದ್ರೆ ಬಿಚ್ಚೋ ಹಾಗಿಲ್ಲ."

ಅಷ್ಟೇ ಹೇಳಿದ ಪುಣ್ಯಾತ್ಮ. ಯಾಕೆ ಬಿಚ್ಚುವ ಹಾಗಿಲ್ಲ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಮನೆಗೆ ಬಂದು ಹಳೆ ಟಾಪನ್ನು ಕಿತ್ತೆವು. ಹಿಂದಿನ ಅಂಚಿನಲ್ಲಿ ಸಾಲಾಗಿ ತುಕ್ಕು ಹಿಡಿದ ಸಣ್ಣ ಮೊಳೆ, ಒಂದೊಂದನ್ನೂ ಇಕ್ಕಳದಲ್ಲಿ ಎಳೆದು ತೆಗೆದೆ. ಮುಂದಿನ ಅಂಚಿಗೆ ಮೆತ್ತಿದ್ದ ಅಂಟು ಕಲ್ಲಾಗಿತ್ತು. ಎರಡೂ ಪಕ್ಕದಲ್ಲಿ ಬಟ್ಟೆಯನ್ನು ಬಿಗಿಹಿಡಿಯುವ ಉಕ್ಕಿನ ತಂತಿ. ಬಿಚ್ಚಿದ ತುಂಡುಗಳನ್ನು ಮೇಜಿನ ಮೇಲೆ ಹಾಸಿ ಅದೇ ಅಳತೆಗೆ ಕತ್ತರಿಸೋ ಎಂದೆ ನಾನು. ಅವನು ಒಪ್ಪಲಿಲ್ಲ. ಹಳೇ ಬಟ್ಟೆ ಸೀದು ಕುಗ್ಗಿರುತ್ತೆ, ಮೈ ಮೇಲೇ ಅಳತೆ ತಗೋಬೇಕು ಎಂದು ಟೇಪು ಹಿಡಿದು ಕಾರಿನ ಕಮಾನುಗಳನ್ನು ಬೆನ್ನು, ಭುಜ, ಸೊಂಟ ಎಂದು ಅಳೆದ. "ಉಸಿರು ಬಿಗಿ ಹಿಡಿಬೇಡಿ ಮೇಡಂ ಅಂತ ಹೇಳು ಅದಕ್ಕೆ" ಎಂದೆ. ಒಂದಿಷ್ಟು ನಕ್ಕ. ಆ ದಿನಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಟಾಪು ಚೆನ್ನಾಗಿಯೇ ಬಂತು. ಬ್ಯಾಗಿನವನ ದೊಡ್ಡ ಮಿಷನ್ನು ಕೇಳಿ ತಂದು ಹೊಲಿದ. ಹೊಲಿಗೆಗಳ ಮೇಲೆ ಪಟ್ಟಿ ಕೊಟ್ಟ. ಉಳಿದದ್ದು ಕಿಟಕಿ. ಅಲ್ಲಿಗೆ ಬಂದಾಗ ಅವನು ಮಿಷನ್ನಿನ ಗಾಲಿಯ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ.

"ಒಂದೇ ಸಲ ಅಂದಿದ್ದಾನೆ ಅಕ್ಕಾ. ಮಿಷನ್ ಹಲ್ಲಿಗೆ ಪ್ಲಾಸ್ಟಿಕ್ ಜಾರಿದ್ರೆ ಹೋಯ್ತು."

"ಹಾಗಾದ್ರೆ ನಿಧಾನಕ್ಕೆ ಹೊಲಿ."

"ಮೊದ್ಲು ಕಚ್ಚಾ ಹಾಕ್ತೀನಿ."

ನಾನು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿ? ನಾವು ಬಟ್ಟೆಯವರು. ಒಂದೇ ಅವಕಾಶ ಇರುವ ಕಡೆ ಕಚ್ಚಾ ಹಾಕದೆ ಕೈ ಇಡುವುದುಂಟೇ? ದಪ್ಪ ಬಟ್ಟೆ, ಅದರಡಿ ಪ್ಲಾಸ್ಟಿಕ್ಕು, ಸಣ್ಣ ಸೂಜಿ ಹೋಗುವುದಿಲ್ಲವೆಂದು ಕಂಬಳಿ ಹೊಲಿಯುವ ಸೂಜಿ ತೆಗೆದುಕೊಂಡ. ಅಲುಗಾಡದಿರಲೆಂದು ಮಿಷನ್ನಿನ ಹೊಲಿಗೆ ಬೀಳುವ ಗೆರೆಯ ಎರಡೂ ಪಕ್ಕ ಒಂದೊಂದು ಸಾಲು ಹಾಕಿದ. ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾದ ಕಚ್ಚಾ ಹಾಕಿರಲಿಲ್ಲ ಅವನು. ಆಮೇಲೆ ಮಿಷನ್ನಿಗೆ ಕೊಟ್ಟ. ಹೊಲಿಗೆ ಎಳ್ಳಷ್ಟೂ ಸೊಟ್ಟಗಾಗಲಿಲ್ಲ. ಶನಿವಾರ ಮಧ್ಯಾಹ್ನ ಟಾಪನ್ನು ಚೌಕಟ್ಟಿಗೆ ಏರಿಸಿ, ತಂತಿ ಬಿಗಿದು, ಅಂಚಿಗೆ ಅಂಟು ಹಾಕಿ ಮೊಳೆ ಹೊಡೆದೆವು. ಬಟ್ಟೆ ಮದ್ದಳೆಯ ಹಾಗೆ ಬಿಗಿಯಾಗಿ ಕೂತಿತು. ಹಿಂದಿನ ಕಿಟಕಿ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಬ್ಯಾಗಿನವನು ಬಂದು ನೋಡಿ, ಮಾಸ್ಟ್ರೇ ಇನ್ಮೇಲೆ ಲಂಗ ಬಿಟ್ಟು ಲಾರಿಗೆ ಹೊಲೀರಿ ಎಂದ.

ಕೊನೆಯದಾಗಿ ತಮ್ಮ ಬಿಳಿ ದಾರದ ತುದಿ ಹಿಡಿದು ಎಳೆದ. ಎರಡು ಸಾಲೂ ಸರ್ರನೆ ಬಂದವು. ಒಳಗೆ ಹಿಂದಿನ ಸೀಟು ಒರೆಸುತ್ತಿದ್ದ ನಾನು ತಲೆ ಎತ್ತಿ ನೋಡಿದೆ. ಕಿಟಕಿಯ ಮೇಲಂಚಿನ ಉದ್ದಕ್ಕೂ ಬೆಳಕಿನ ಚುಕ್ಕಿಗಳ ಸಾಲು.

"ಲೋ, ಇಲ್ಲಿ ಬಾ" ಎಂದೆ.

ಬಟ್ಟೆಯಾದರೆ ದಾರ ಎಳೆದ ಮೇಲೆ ಎಳೆಗಳು ಕೂಡಿಕೊಂಡು ತೂತು ಮುಚ್ಚುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕೂಡಿಕೊಳ್ಳಲು ಎಳೆ ಎಲ್ಲಿದೆ? ರಬ್ಬರಿನ ಬಟ್ಟೆಯೂ ಹಾಗೇ. ಮಿಷನ್ನಿನ ಹೊಲಿಗೆಯ ತೂತುಗಳಲ್ಲಿ ದಾರವಾದರೂ ತುಂಬಿಕೊಂಡಿರುತ್ತದೆ, ಇವು ಬರೀ ಖಾಲಿ. ಆ ಬಿಳಿ ದಾರವನ್ನು ಹಾಗೇ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ಕಚ್ಚಾ ದಾರ ಎಳೆಯದೆ ಬಟ್ಟೆ ಕೊಟ್ಟ ದರ್ಜಿ ಯಾರು? ಅವನು ಸೀಟಿನ ಮೇಲೆ ಮೊಣಕಾಲೂರಿ ಆ ಚುಕ್ಕಿಗಳ ಮೇಲೆ ಬೆರಳಾಡಿಸಿದ. ಬೆರಳು ಹೋದಲ್ಲಿ ಬೆಳಕು ಆರುತ್ತಿತ್ತು, ಮುಂದೆ ಸರಿದರೆ ಮತ್ತೆ ಬರುತ್ತಿತ್ತು. ಮುಖ ಸುಣ್ಣವಾಗಿತ್ತು. ನಾನು ಯಾರನ್ನು ಬೈಯಲಿ? ಅಂಟು ಹಚ್ಚಿ ನೋಡಿದೆವು, ಪ್ಲಾಸ್ಟಿಕ್ಕು ಮಂಜಾಯಿತು, ಗಾಬರಿಯಾಗಿ ಒರೆಸಿದೆವು. ಬಿಚ್ಚಿ ಮತ್ತೆ ಹೊಲಿದರೆ ಆ ತೂತಿನ ಗೆರೆಯಲ್ಲೇ ಹಾಳೆ ಹರಿದು ಎರಡಾಗುತ್ತದೆ, ಅದು ಈಗ ನಮಗೂ ಅರ್ಥವಾಗಿತ್ತು. ಗ್ಯಾರೇಜಿನವನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ಮೇಣದಬತ್ತಿ ಕರಗಿಸಿ, ಬೆಂಕಿಕಡ್ಡಿಯ ತುದಿಯಲ್ಲಿ ಅದ್ದಿ ಒಂದೊಂದು ತೂತಿಗೂ ತುಂಬಿದ. ಹೊತ್ತು ಮುಳುಗುವ ತನಕ ಅದೇ ಕೆಲಸ. ಮೇಲೊಂದು ಚೊಂಬು ನೀರು ಹೊಯ್ದು ನೋಡಿದೆವು, ಇಳಿಯಲಿಲ್ಲ.

"ನಾಳೆ ಒಂದು ದಿನ ತಡೆದ್ರೆ ಸಾಕು ಅಕ್ಕಾ" ಎಂದ. ನಾನು ಬೇಡದ ದೇವರಿಲ್ಲ.

ಭಾನುವಾರ ಇಬ್ಬರೂ ಹೊರಟೆವು. ನನ್ನನ್ನು ಯಾಕೆ ಕರೆದನೆಂದರೆ, ರೀಲಿನ ಅಮ್ಮ ಏನಾದರೂ ಕೇಳಿದರೆ ಮಾತಾಡಲು ಒಂದು ಬಾಯಿ ಬೇಕಲ್ಲ. ಮಳೆಯ ಸುಳಿವಿಲ್ಲ, ಚುರುಕು ಬಿಸಿಲು. ಒಳ್ಳೆಯದಾಯಿತು ಎಂದುಕೊಂಡೆ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ನೋಡಿದರೆ ಸೀಟಿನ ಮೇಲೆ ಬಿಳಿ ಹನಿಗಳು. ಕಪ್ಪು ಟಾಪು ಕಾದು ಮೇಣ ಇಳಿಯುತ್ತಿತ್ತು. ಅವನಿಗೆ ಹೇಳಿದೆ. ಅವನು ಕಾರು ನಿಲ್ಲಿಸಲಿಲ್ಲ.

ಅವರ ಮನೆ ಮುಂದೆ ಖಾಲಿ ರಟ್ಟಿನ ಡಬ್ಬಗಳ ರಾಶಿ, ಸಾಮಾನು ಕಟ್ಟುವುದು ಶುರುವಾಗಿತ್ತು. ರೀಲು ಗೇಟಿನಲ್ಲೇ ನಿಂತಿದ್ದಳು, ತೆಳ್ಳಗಾಗಿದ್ದಳು. ಅಪ್ಪನನ್ನು ನೋಡಿ ನೆಲ ನೋಡಿದಳು, ಅವನೂ ನೆಲ ನೋಡಿದ. ಅವಳ ಅಮ್ಮ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಿಟಕಿಯಾಚೆ ಕೈ ಬೀಸಿ ನೋಡಿದಳು.

"ಚೆನ್ನಾಗಿ ಮಾಡಿದ್ದೀರಿ. ಬೇಜಾರು ಮಾಡ್ಕೋಬೇಡಿ, ನೀರು ಹಾಕಿ ನೋಡ್ತೀನಿ" ಎಂದು ಗಿಡಗಳಿಗೆ ಬಿಡುವ ಪೈಪು ಎಳೆದು ತಂದಳು. "ಅಕ್ಕಾ, ಒಳಗೆ ಕೂತು ಸೋರುತ್ತಾ ನೋಡ್ತೀರಾ?"

ನಾನು ಹೆಜ್ಜೆ ಎತ್ತುವಷ್ಟರಲ್ಲಿ ರೀಲು ನುಗ್ಗಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಸರಿಯಾಗಿ ಆ ಹೊಲಿಗೆಯ ಕೆಳಗೆ. ಬಾಗಿಲು ಎಳೆದುಕೊಂಡಳು. ಪೈಪಿನ ನೀರು ಟಾಪಿನ ಮೇಲೆ ಧೋ ಎಂದು ಬಿತ್ತು, ಇಳಿದು ಹಿಂದಿನ ಕಿಟಕಿಯ ಮೇಲೆ ಹರಿಯಿತು. ನಾನು ಪಕ್ಕದ ಗಾಜಿನಲ್ಲಿ ನೋಡುತ್ತಿದ್ದೆ. ಮೊದಲ ಹನಿ ಅವಳ ಕುತ್ತಿಗೆಯ ಹಿಂದೆ ಬಿತ್ತು. ಭುಜ ಸಣ್ಣಗೆ ಅದುರಿತು. ಆಮೇಲೆ ಒಂದರ ಹಿಂದೊಂದು, ಸಾಲಿಗೆ ಸಾಲೇ. ಅವಳು ಮೆಲ್ಲಗೆ ಬೆನ್ನನ್ನು ಸೀಟಿಗೆ ಒತ್ತಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ನೇರ ಮುಂದೆ ನೋಡುತ್ತಾ ಕೂತಳು. ಫೋಟೋ ತೆಗೆಸಿಕೊಳ್ಳುವಾಗ ಕೂರುವ ಹಾಗೆ.

ಅವಳ ಅಮ್ಮ ನೀರು ನಿಲ್ಲಿಸಿ ಬಾಗಿಲು ತೆಗೆದಳು. "ಸೋರ್ತಾ?"

"ಇಲ್ಲಮ್ಮ. ಒಂದು ಹನಿನೂ ಇಲ್ಲ."

ರೀಲಿನ ಮುಖ, ಎದುರಿಗೆ ಕಾಣುವ ಬಟ್ಟೆಯೆಲ್ಲ ಒಣಗಿಯೇ ಇತ್ತು, ಒದ್ದೆಯೆಲ್ಲ ಬೆನ್ನ ಹಿಂದೆ. ನನ್ನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಬೇಡ ಅತ್ತೆ ಎಂದು ಬೇಡುವ ಕಣ್ಣು. ಯಾರ ಮುಲಾಜಿಗೂ ಬಗ್ಗದ ಈ ನನ್ನ ಬಾಯಿ ಆವತ್ತು ಕಪ್ಪೆಚಿಪ್ಪಿನ ಹಾಗೆ ಮುಚ್ಚಿಕೊಂಡಿತು. ಒಂದೇ ದಿನ, ಹೋಗಲಿ, ಒಣ ಶಾಲು ಹೊದಿಸಿದರಾಯಿತು ಎಂದುಕೊಂಡೆ.

"ಸರಿ. ಕತ್ತಲಾಗೋದ್ರೊಳಗೆ ಬಿಟ್ಟುಬಿಡಿ" ಎಂದಳು ಅವಳ ಅಮ್ಮ. ಗೆದ್ದೆವು ಎಂದುಕೊಂಡೆ ನಾನು.

ತಮ್ಮ ಬಾಗಿಲ ಹತ್ತಿರ ಬಗ್ಗಿ, "ಮುಂದೆ ಬಾ" ಎಂದ.

"ಇಲ್ಲೇ ಕೂರ್ತೀನಿ ಅಪ್ಪ."

ಆ ಹುಡುಗಿ ಎಂದೂ ಹಿಂದೆ ಕೂತವಳಲ್ಲ. ಅವನು ಅವಳ ಮುಖ ನೋಡಿದ. ಆಮೇಲೆ ಕೈ ಚಾಚಿ ಅವಳ ಬೆನ್ನ ಹಿಂದೆ ಇಟ್ಟ. ಹೊರಗೆ ತೆಗೆದಾಗ ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಡಬಹುದಿತ್ತು ಅವನು. ಅವಳ ಅಮ್ಮ ಆಗಲೇ ಪೈಪು ಸುತ್ತುತ್ತಿದ್ದಳು. ಹೊರಡು ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

"ಸೋರ್ತಿದೆ" ಎಂದ. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಮಗು ಬೆನ್ನೆಲ್ಲ ನೆಂದಿದೆ. ಒಳಗೆ ಕರ್ಕೊಂಡು ಹೋಗಿ ಬಟ್ಟೆ ಬದಲಾಯಿಸು."

"ಇಲ್ಲ ಅಪ್ಪ, ನಂಗೆ ಚಳಿ ಆಗ್ತಿಲ್ಲ. ನಿಜವಾಗ್ಲೂ. ಕೆಮ್ಮೂ ಬರ್ತಿಲ್ಲ ನೋಡು" ಎಂದು ರೀಲು ಅಳತೊಡಗಿದಳು.

ಆಗ ನನ್ನ ತಮ್ಮ ಆ ಒದ್ದೆ ರಸ್ತೆಯಲ್ಲಿ ಮೊಣಕಾಲೂರಿ ಅವಳ ಎದುರಿಗೆ ಕೂತ. ಎದುರಿಗೇ. ಅವಳ ಎರಡೂ ಕೆನ್ನೆ ಹಿಡಿದುಕೊಂಡು ನೇರ ಮುಖ ನೋಡಿದ.

"ನಿಂಗೆ ಜ್ವರ ಬಂದಿದ್ದಕ್ಕೆ ನಂಗೆ ಕೋಪ ಇಲ್ಲ ಮಗಾ. ಯಾವತ್ತೂ ಇರ್ಲಿಲ್ಲ. ನಿನ್ನ ನೆನೆಸಿದ್ದು ನಾನು. ಆವತ್ತೂ ನಾನೇ, ಇವತ್ತೂ ನಾನೇ. ನಂಗೋಸ್ಕರ ನೀನು ಒದ್ದೆಯಾಗಿ ಕೂರ್ಬಾರ್ದು. ನಂಗೋಸ್ಕರ ಸುಳ್ಳು ಹೇಳ್ಬಾರ್ದು. ಗೊತ್ತಾಯ್ತಾ?"

ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ, ಅವನ ಜೊತೆ ಸಂಸಾರ ಮಾಡಿದ್ದವಳೂ ಕೇಳಿರಲಿಲ್ಲ. ಅವಳು ಪೈಪು ಹಿಡಿದು ನಿಂತೇ ಇದ್ದಳು. ಆಮೇಲೆ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಹೇಳಿದಳು, "ಕಾರಲ್ಲಿ ಕಳಿಸಲ್ಲ. ಕಳಿಸೋಕಾಗಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ತಮ್ಮ ಕಾರಿನೊಳಗೆ ಹೋಗಿ ಕೂತ. ಕೀಲಿ ತಿರುಗಿಸಲಿಲ್ಲ. ನಾನು ಹೊರಗೆ ನಿಂತು ಒದ್ದೆ ಸೀಟನ್ನು ಶಾಲಿನಲ್ಲಿ ಒರೆಸಿದೆ, ಒರೆಸಿದ ಕಡೆಯೇ ಒರೆಸಿದೆ. ಎಂಥ ಹುಚ್ಚನಪ್ಪಾ ಇವನು, ಬಾಯಿಗೆ ಬಂದ ತುತ್ತನ್ನು ತಾನೇ ತೆಗೆದು ನೆಲಕ್ಕೆ ಹಾಕಿದನಲ್ಲ ಎಂದು ಕೋಪ. ಅವನಲ್ಲದೆ ಇನ್ಯಾರು ಹಾಗೆ ಮಾಡಿಯಾರು ಎಂದು ಅಳು.

ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು. ರೀಲು, ಮೈತುಂಬ ಸ್ವೆಟರು, ತಲೆಗೆ ಟೋಪಿ. ಅವಳಮ್ಮ ಹಿಂದೆಯೇ ಬಂದು, "ಇಲ್ಲೇ ನಿಲ್ಲಿಸ್ಕೊಂಡು ಕೂತು ಮಾತಾಡ್ಲಿ. ಇಂಜಿನ್ ಹಾಕೋದು ಬೇಡ" ಎಂದು ನನಗೆ ಹೇಳಿದಳು. ರೀಲು ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತು, ಬಾಗಿಲು ಹಾಕಿಕೊಂಡಳು.

ನಾವಿಬ್ಬರೂ ಗೇಟಿನ ಹತ್ತಿರ ನಿಂತೆವು. ಹೊಸ ಕಿಟಕಿಯಲ್ಲಿ ಎರಡು ತಲೆಗಳು ಕಾಣುತ್ತಿದ್ದವು, ಒಂದು ಎತ್ತರ, ಒಂದು ಟೋಪಿಯದು. ಎರಡೂ ಮುಂದಿನ ಖಾಲಿ ರಸ್ತೆಯನ್ನೇ ನೋಡುತ್ತಿದ್ದವು. ಆಮೇಲೆ ಟೋಪಿ ಅಲುಗಾಡಿತು. ಆಮೇಲೆ ಒಂದು ಕೈ ಮೇಲೆದ್ದು ಏನನ್ನೋ ಮಾಡಿ ತೋರಿಸಿತು. ಆಮೇಲೆ ಆ ಕೈ ಕೆಳಗಿಳಿಯಲೇ ಇಲ್ಲ.

"ಇಷ್ಟೊಂದು ಮಾತಾಡ್ತಾಳಾ ಇವಳು?" ಎಂದಳು ಅವಳ ಅಮ್ಮ.

"ಹೂಂ" ಎಂದೆ.

ಬಿಸಿಲು ಇಳಿದು ಗಾಳಿ ತಣ್ಣಗಾದಾಗ ಅವಳಮ್ಮ ಹೋಗಿ ಗಾಜು ತಟ್ಟಿದಳು. ರೀಲು ಇಳಿದಳು. ಅಳಲಿಲ್ಲ. ಸುತ್ತ ಜನ ಇದ್ದರಲ್ಲ, ಅಪ್ಪ ಮಗಳು ಮತ್ತೆ ಮೂಕರು. ನಾನು ಅವಳನ್ನು ಅಪ್ಪಿಕೊಂಡು, ಹತ್ತಿ ಕೂತೆ. ತಮ್ಮ ಕಾರು ಹೊರಡಿಸಿದ. ಮುಂದಿನ ವಾರ ಅವರು ಹೊರಡುತ್ತಾರೆ. ಅಷ್ಟು ದೂರಕ್ಕೆ ಈ ಕಾರು ಹೋಗುವುದೂ ಇಲ್ಲ, ಇವನು ಹೋಗುವುದೂ ಇಲ್ಲ. ಅದು ರೀಲೂ ಸೇರಿ ನಮ್ಮ ಮೂವರಿಗೂ ಗೊತ್ತಿತ್ತು.

ಹಿಂದಿನಿಂದ ಅವಳಮ್ಮನ ದನಿ ಕೇಳಿತು. "ಮತ್ತೆ ಗೇಟು ಹತ್ತಿದ್ಯಾ? ಬಿದ್ದು ಕೈ ಮುರ್ಕೋತೀಯ ಅಂತ ಪ್ರತಿ ಸಲ ಹೇಳ್ಬೇಕಾ ನಿಂಗೆ?"

ತಮ್ಮನ ಕಣ್ಣು ಮೇಲಿನ ಕನ್ನಡಿಗೆ ಹೋಯಿತು. ಇಷ್ಟು ವರ್ಷ ಅದರಲ್ಲಿ ಹಳದಿ ಮಬ್ಬು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ತಿರುಗಿ ನೋಡಿದೆ. ರೀಲು ಗೇಟಿನ ಕೆಳಗಿನ ಸರಳಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಕಂಬ ಹಿಡಿದು ವಾಲಿಕೊಂಡು, ಇನ್ನೊಂದು ಕೈ ಬೀಸುತ್ತಿದ್ದಳು. ಅಲ್ಲಿ ಹೇಗೆ ನಿಂತರೆ ರಸ್ತೆಯ ತಿರುವಿನ ತನಕ ಕಾಣುತ್ತದೆಂದು ಗೊತ್ತಿದ್ದವಳ ಹಾಗೆ.

"ಒಳಗೆ ಓಡ್ತಾಳೆ ಅನ್ಕೊಂಡಿದ್ದೆ ಅಕ್ಕಾ" ಎಂದ.

ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಓಡಿಸಿದ. ಹಿಂದೆ ಬಂದ ಗಾಡಿಯೊಂದು ಹಾರನ್ನು ಹೊಡೆದು ಹೊಡೆದು ಸಾಕಾಗಿ ನಮ್ಮನ್ನು ದಾಟಿ ಹೋಯಿತು. ಅವನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ನಾನೂ ಮುಂದಿನ ರಸ್ತೆಯನ್ನೇ ನೋಡುತ್ತಾ ಕೂತೆ. ತಿರುವು ಬಂತು. ಅವನು ಕನ್ನಡಿಯಲ್ಲಿ ಮತ್ತೊಮ್ಮೆ ನೋಡಿ, ಸ್ಟೇರಿಂಗ್ ತಿರುಗಿಸಿದ.